ಮಾತಾಡೋದ್ರ ಮೇಲೂ ರಿಸರ್ಚ್ ಮಾಡ್ತಾರಾ?

ಮಾಡುತ್ತಾರೆ. ನಾನು ಮಾಡುತ್ತೇನೆ.

ಸಾಫ್ಟ್‌ವೇರ್ ಬೇಕು ಅನ್ನುವವರು ತಮಗೆ ಬೇಕಾದ್ದನ್ನು ಹೇಗೆ ಹೇಳುತ್ತಾರೆ, ಮಾಡಿಕೊಡುವವರು ಏನು ಕೇಳಿಸಿಕೊಳ್ಳುತ್ತಾರೆ, ನಡುವೆ ಏನೇನು ಉದುರಿಹೋಗುತ್ತದೆ ಅನ್ನುವುದು ನನ್ನ ಅಧ್ಯಯನದ ವಿಷಯ. ಈ ಕ್ಷೇತ್ರದವರು ಇದನ್ನು ರಿಕ್ವೈರ್‌ಮೆಂಟ್ಸ್ ಎಂಜಿನಿಯರಿಂಗ್ ಅನ್ನುತ್ತಾರೆ. ಇಷ್ಟು ಹೇಳುವಷ್ಟರಲ್ಲಿ ಎದುರಿಗಿದ್ದವರ ಮುಖದಲ್ಲಿ ಮರುಕ ಕಾಣಿಸಿಕೊಳ್ಳುತ್ತದೆ. ಆಮೇಲೆ ಪ್ರಶ್ನೆ: "ಅದಕ್ಕೆಲ್ಲ ರಿಸರ್ಚ್ ಯಾಕೆ? ಎಲ್ಲರಿಗೂ ಎರಡು ದಿನ ಕಮ್ಯುನಿಕೇಶನ್ ಟ್ರೈನಿಂಗ್ ಕೊಟ್ರೆ ಮುಗೀತಲ್ವಾ?" ಸ್ವಲ್ಪ ಸಲಿಗೆ ಇದ್ದವರು ಇನ್ನೊಂದನ್ನೂ ಸೇರಿಸುತ್ತಾರೆ: "ಕೋಡಿಂಗ್ ಬರಲ್ಲ ಅಂತ ಈ ಕಡೆ ಬಂದ್ರಾ?"

ಕೋಡಿಂಗ್ ಬರುತ್ತದೆ. ನೀವು ನಂಬುವುದಿಲ್ಲ, ಗೊತ್ತು. ಮುಂದಕ್ಕೆ ಹೋಗೋಣ.

ನನಗೆ ಸಿಟ್ಟು ತರಿಸುವುದು ಆ "ಮುಗೀತಲ್ವಾ". ಕಾಯಿಲೆ ಯಾವುದು ಅಂತ ಆಗಲೇ ತೀರ್ಮಾನ ಆಗಿಹೋಗಿದೆ ನೋಡಿ. ಎಂಜಿನಿಯರುಗಳು ಸಂಕೋಚದ ಪ್ರಾಣಿಗಳು, ಬಾಯಿ ಬಿಡುವುದಿಲ್ಲ, ಅದಕ್ಕೇ ಸಾಫ್ಟ್‌ವೇರ್ ಕೆಡುತ್ತದೆ. ಮುಖ ನೋಡಿ ಮಾತಾಡುವುದು, ಕೈ ಆಡಿಸುವುದು, ಸ್ಲೈಡ್ ಜೋಡಿಸುವುದು ಕಲಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ. ಇದು ಅವರ ಲೆಕ್ಕ. ಲೆಕ್ಕ ತಪ್ಪಿದೆ. ತಪ್ಪಿದೆ ಅಂತ ಗೊತ್ತಾಗಿ ದಶಕಗಳೇ ಕಳೆದಿವೆ.

1988ರಲ್ಲಿ ಬಿಲ್ ಕರ್ಟಿಸ್, ಹರ್ಬ್ ಕ್ರಾಸ್ನರ್, ನೀಲ್ ಇಸ್ಕೋ ಎಂಬ ಮೂವರು ಒಂದು ಅಧ್ಯಯನ ಪ್ರಕಟಿಸಿದರು. 17 ದೊಡ್ಡ ಪ್ರಾಜೆಕ್ಟುಗಳ ಜನರನ್ನು ಕೂರಿಸಿಕೊಂಡು ಮಾತಾಡಿಸಿದ್ದರು. ಕೊನೆಗೆ ಸಿಕ್ಕಿದ್ದು ಮೂರು ತೊಂದರೆ. ಯಾವ ಕೆಲಸಕ್ಕೆ ಸಾಫ್ಟ್‌ವೇರ್ ಮಾಡುತ್ತಿದ್ದೇವೋ ಆ ಕೆಲಸದ ತಿಳುವಳಿಕೆ ತಂಡದಲ್ಲಿ ಒಬ್ಬಿಬ್ಬರಿಗೆ ಮಾತ್ರ ಇರುವುದು, ಬೇಕು ಅಂದದ್ದೇ ದಿನಕ್ಕೊಂದು ಥರ ಬದಲಾಗುವುದು, ತಂಡಗಳ ನಡುವೆ ಮಾತುಕತೆ ಕಡಿದುಹೋಗುವುದು. ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಮೊದಲನೆಯದು ಯಾರಿಗೆ ಏನು ಗೊತ್ತು ಅನ್ನುವುದರ ತೊಂದರೆ. ಗೊತ್ತಿರುವವನ ಹತ್ತಿರ ಹೋಗಿ ಕೇಳಬೇಕು ಅಂತ ಉಳಿದವರಿಗೆ ಹೊಳೆಯುವುದೇ ಇಲ್ಲ. ಇದಕ್ಕೆ ಕೈ ಆಡಿಸುವ ಟ್ರೈನಿಂಗ್ ಯಾವ ಮದ್ದು?

ಐದು ವರ್ಷ ಬಿಟ್ಟು, 1993ರಲ್ಲಿ, ರಾಬಿನ್ ಲುಟ್ಜ್ ಬೇರೆ ಕಡೆಯಿಂದ ಇದೇ ಜಾಗಕ್ಕೆ ಬಂದರು. ವಾಯೇಜರ್ ಮತ್ತು ಗೆಲಿಲಿಯೋ ಬಾಹ್ಯಾಕಾಶ ನೌಕೆಗಳ ಸಾಫ್ಟ್‌ವೇರಿನಲ್ಲಿ ಪರೀಕ್ಷೆಯ ಹೊತ್ತಿಗೆ ಸಿಕ್ಕ 387 ತಪ್ಪುಗಳನ್ನು ಅವರು ಒಂದೊಂದಾಗಿ ತೆಗೆದು ನೋಡಿದರು. ನೌಕೆಗೇ ಅಪಾಯ ತರುವಂಥ ತಪ್ಪುಗಳಿಗೆ ಮುಖ್ಯ ಕಾರಣ ಎರಡು. ರಿಕ್ವೈರ್‌ಮೆಂಟ್ ಅಂತ ಬರೆದಿಟ್ಟದ್ದು ಒಂದು, ನಿಜಕ್ಕೂ ಬೇಕಾಗಿದ್ದದ್ದು ಇನ್ನೊಂದು. ಜೊತೆಗೆ, ಸಾಫ್ಟ್‌ವೇರ್ ಉಳಿದ ಭಾಗಗಳ ಜೊತೆ ಹೇಗೆ ಹೊಂದಿಕೊಳ್ಳಬೇಕು ಅನ್ನುವುದನ್ನು ತಪ್ಪಾಗಿ ತಿಳಿದುಕೊಂಡದ್ದು. ಆ ಸಾಫ್ಟ್‌ವೇರ್ ಬರೆದವರಿಗೆ ಕೋಡಿಂಗ್ ಬರುತ್ತಿರಲಿಲ್ಲ ಅಂತ ಯಾರೂ ಹೇಳಲಾರರು. ಮಾತು ಬರುತ್ತಿರಲಿಲ್ಲ ಅಂತಲೂ ಹೇಳಲಾರರು.

ಈಗ ಒಂದು ಮೀಟಿಂಗಿನ ಕಥೆ. ಕಂಪನಿಯ ಹೆಸರು ಬೇಡ.

ಒಂದು ತಂಡದ ಕೆಲಸ ನೋಡಲು ಹೋಗಿದ್ದೆ. ಮೂಲೆಯಲ್ಲಿ ಕೂತು ಬರೆದುಕೊಳ್ಳುವುದು ನನ್ನ ಪಾತ್ರ. ಮ್ಯಾನೇಜರ್ ಸೊಗಸಾದ ಮಾತುಗಾರರು. ಪರದೆಯ ಮೇಲೆ ಒಂದು ಸಾಲು ಇತ್ತು: "ಆರ್ಡರ್ ರದ್ದಾದರೆ ಗ್ರಾಹಕರಿಗೆ ತಕ್ಷಣ ತಿಳಿಸಬೇಕು." ಅದನ್ನು ಓದಿದರು, ವಿವರಿಸಿದರು, ಒಂದು ಜೋಕ್ ಹೇಳಿದರು. ಮೆಸೇಜಿನ ಕೊನೆಯಲ್ಲಿ "ಕ್ಷಮಿಸಿ" ಅಂತ ಇರಬೇಕೋ ಬೇಡವೋ ಅನ್ನುವುದರ ಮೇಲೆ ಬಹಳ ಹೊತ್ತು ಚರ್ಚೆ ಆಯಿತು. ಕೊನೆಗೆ "ಎಲ್ಲರಿಗೂ ಕ್ಲಿಯರ್ ಅಲ್ವಾ?" ಅಂದರು. ಎಲ್ಲರೂ "ಕ್ಲಿಯರ್" ಅಂದರು.

ಮೀಟಿಂಗ್ ಮುಗಿದ ಮೇಲೆ ನಾನು ಒಬ್ಬೊಬ್ಬರನ್ನೇ ಕೇಳಿದೆ, ಈಗ ಏನು ಮಾಡಲು ಹೊರಟಿದ್ದೀರಿ ಅಂತ. ಡೆವಲಪರ್ ಮನಸ್ಸಿನಲ್ಲಿದ್ದದ್ದು ಮಾಲು ಖಾಲಿಯಾಗಿ ಕಂಪನಿಯೇ ರದ್ದು ಮಾಡುವ ಸಂದರ್ಭ. ಆಗ ಮೊಬೈಲಿಗೆ ಒಂದು ಮೆಸೇಜ್. ಟೆಸ್ಟರ್ ಅಂದುಕೊಂಡದ್ದು ಗ್ರಾಹಕರೇ ಬಟನ್ ಒತ್ತಿ ರದ್ದು ಮಾಡುವುದು. ಆಗ ಇಮೇಲಿನಲ್ಲಿ ಒಂದು ಖಾತರಿ. ಬಿಸಿನೆಸ್ ಕಡೆಯಿಂದ ಬಂದಿದ್ದವರ ತಲೆಯಲ್ಲಿ ಇದ್ದದ್ದು ಹಣ ಪಾವತಿ ಆಗದೆ ಆರ್ಡರ್ ಬಿದ್ದುಹೋಗುವುದು. ಅವರ ಪ್ರಕಾರ ಕಾಲ್ ಸೆಂಟರಿನವರು ಫೋನ್ ಮಾಡಿ ಹೇಳಬೇಕು. "ತಕ್ಷಣ" ಅಂದರೆ ಸಂಜೆಯೊಳಗೆ.

ಮೂರೂ ಉತ್ತರಗಳನ್ನು ಮ್ಯಾನೇಜರ್ ಮುಂದೆ ಇಟ್ಟೆ. ಅವರು ಓದಿ, ತಲೆ ಆಡಿಸಿ, ನಿಟ್ಟುಸಿರು ಬಿಟ್ಟರು. "ನೋಡಿ ಮೇಡಂ, ಇವರಿಗೆ ಕಮ್ಯುನಿಕೇಶನ್ ಸ್ಕಿಲ್ ಇಲ್ಲ. ನಿಮ್ಮ ಎರಡು ದಿನದ ಟ್ರೈನಿಂಗ್ ಯಾವಾಗ ಇಟ್ಕೊಳ್ಳೋಣ?"

ಆ ಕೋಣೆಯಲ್ಲಿ ಮಾತು ಬಾರದವರು ಯಾರೂ ಇರಲಿಲ್ಲ. ನಿಜ ಹೇಳಬೇಕೆಂದರೆ ಮಾತು ಸ್ವಲ್ಪ ಜಾಸ್ತಿಯೇ ಇತ್ತು. ಚೆನ್ನಾಗಿ ಮಾತಾಡುವವರ ಮುಂದೆ ಜನ ಪ್ರಶ್ನೆ ಕೇಳುವುದಿಲ್ಲ, ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ತಡವರಿಸುವವರನ್ನಾದರೆ "ಏನಂದ್ರಿ?" ಅಂತ ತಡೆದು ಕೇಳುತ್ತಾರೆ. ನಿರರ್ಗಳವಾಗಿ ಹೇಳಿದರೆ ಅರ್ಥವಾಯಿತು ಅನ್ನಿಸಿಬಿಡುತ್ತದೆ. ಪ್ರಾಜೆಕ್ಟಿನ ಶುರುವಿನಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸುವವರು ಒಳ್ಳೆಯ ಮಾತುಗಾರರೇ.

ಆದರೆ ಉದ್ಯೋಗದ ಜಾಹೀರಾತು ಬರೆಯುವವರು ಇದನ್ನು ಕೇಳಲಿ ಹೇಗೆ? 2012ರಲ್ಲಿ ಫಹೀಮ್ ಅಹ್ಮದ್, ಲೂಯಿಜ್ ಫರ್ನಾಂಡೋ ಕಪ್ರೆಟ್ಜ್ ಮತ್ತು ಪಿಯರ್ಸ್ ಕ್ಯಾಂಪ್‌ಬೆಲ್ ಸಾಫ್ಟ್‌ವೇರ್ ಕೆಲಸದ 500 ಜಾಹೀರಾತುಗಳನ್ನು ಓದಿ ನೋಡಿದರು. ತಾಂತ್ರಿಕ ಜ್ಞಾನ ಬಿಟ್ಟು ಬೇಕಾಗುವ ಗುಣಗಳ ಪೈಕಿ ಕಂಪನಿಗಳು ಎಲ್ಲಕ್ಕಿಂತ ಹೆಚ್ಚು ಕೇಳಿದ್ದು ಕಮ್ಯುನಿಕೇಶನ್ ಸ್ಕಿಲ್. ಸರಿ, ಬೇಕು. ಆದರೆ ಯಾರ ಜೊತೆ, ಯಾವುದರ ಬಗ್ಗೆ, ಏನು ಕೆಲಸ ಆಗುವುದಕ್ಕೆ? ಅದು ಸಾಮಾನ್ಯವಾಗಿ ಜಾಹೀರಾತಿನಲ್ಲಿ ಇರುವುದಿಲ್ಲ. ಇಂಟರ್‌ವ್ಯೂನಲ್ಲಿ "ನಿಮ್ಮ ಬಗ್ಗೆ ಹೇಳಿ" ಅಂತ ಕೇಳುತ್ತಾರೆ. ತನ್ನ ಬಗ್ಗೆ ತಾನು ಚೆನ್ನಾಗಿ ಹೇಳಿಕೊಂಡವರಿಗೆ ಕೆಲಸ ಸಿಗುತ್ತದೆ. ಇನ್ನೊಬ್ಬರ ಬಗ್ಗೆ ಚೆನ್ನಾಗಿ ಕೇಳಬಲ್ಲವರನ್ನು ಆರಿಸುವ ಇಂಟರ್‌ವ್ಯೂ ನಾನಂತೂ ಇನ್ನೂ ನೋಡಿಲ್ಲ.

"ಹಾಗಾದ್ರೆ ಸರಿಯಾಗಿ ಬರೆದಿಟ್ಟರೆ ಸಾಕಲ್ವಾ?" ಇದು ಎರಡನೇ ಅಸ್ತ್ರ. ಬರೆದು ನೋಡಿ. "ಎಲ್ಲಾ ಸಿಬ್ಬಂದಿಗೂ ಒಂದು ಪಾಸ್‌ವರ್ಡ್ ಇರಬೇಕು." ಒಬ್ಬೊಬ್ಬರಿಗೆ ಒಂದೊಂದೋ, ಎಲ್ಲರಿಗೂ ಸೇರಿ ಒಂದೇನೋ? ನಿಮಗೆ ಇದು ನಗು ತರಿಸಬಹುದು, ಮೊದಲನೆಯದೇ ಸರಿ ಅಂತ ನಿಮಗೆ ಗೊತ್ತಿದೆ. ಹೇಗೆ ಗೊತ್ತು? ಸಾಲಿನಲ್ಲಿ ಇಲ್ಲ. ನಿಮ್ಮ ತಲೆಯಲ್ಲಿದೆ. ನಿಮ್ಮ ತಲೆಯಲ್ಲಿರುವುದೇ ಎದುರಿನವರ ತಲೆಯಲ್ಲೂ ಇದ್ದಾಗ ಯಾವ ಸಾಲೂ ಕೆಲಸ ಮಾಡುತ್ತದೆ.

ಇಲ್ಲದಿದ್ದರೆ ಏರಿಯಾನ್ 5 ಆಗುತ್ತದೆ. 1996ರ ಜೂನ್ 4ರಂದು ಯುರೋಪಿನ ಆ ರಾಕೆಟ್ ಮೊದಲ ಸಲ ಹಾರಿತು, ಮೇಲೇರಿ ನಿಮಿಷ ಕಳೆಯುವ ಮೊದಲೇ ಸಿಡಿದುಹೋಯಿತು. ದಿಕ್ಕು ಅಳೆಯುವ ಸಾಫ್ಟ್‌ವೇರ್ ಹಳೆಯ ಏರಿಯಾನ್ 4ರದ್ದು. ಅಲ್ಲಿ ಸರಿಯಾಗಿಯೇ ಇತ್ತು. ಹೊಸ ರಾಕೆಟ್ ಅಡ್ಡಕ್ಕೆ ಪಡೆಯುವ ವೇಗ ಹೆಚ್ಚು. ಅದಕ್ಕೆ ಸಂಬಂಧಿಸಿದ ಒಂದು ಸಂಖ್ಯೆ 16 ಬಿಟ್ ಜಾಗದಲ್ಲಿ ಹಿಡಿಸಲಿಲ್ಲ. ಕಂಪ್ಯೂಟರ್ ಕೈಚೆಲ್ಲಿತು. ಅದರ ಬದಲಿಗೆ ಅಂತ ಇಟ್ಟಿದ್ದ ಇನ್ನೊಂದು ಕಂಪ್ಯೂಟರಿನಲ್ಲೂ ಇದೇ ಸಾಫ್ಟ್‌ವೇರ್, ಅದೂ ಕೈಚೆಲ್ಲಿತು. ಸಾಮಾನ್ಯವಾಗಿ ಜನ ಇಲ್ಲಿಗೆ ಕಥೆ ನಿಲ್ಲಿಸುತ್ತಾರೆ. ನನಗೆ ಬೇಕಾದ್ದು ತನಿಖಾ ವರದಿಯಲ್ಲಿ ಇನ್ನೂ ಮುಂದಿದೆ: ಏರಿಯಾನ್ 5ರ ಹಾದಿಯ ಮಾಹಿತಿಯನ್ನು ಆ ಸಾಫ್ಟ್‌ವೇರಿನ ರಿಕ್ವೈರ್‌ಮೆಂಟಿನಲ್ಲಿ ಸೇರಿಸುವುದು ಬೇಡ ಅಂತ ಸಂಬಂಧಪಟ್ಟವರೆಲ್ಲ ಕೂಡಿಯೇ ಒಪ್ಪಿಕೊಂಡಿದ್ದರು. ಜಗಳ ಇಲ್ಲ, ಮುನಿಸು ಇಲ್ಲ. ಎಲ್ಲರಿಗೂ ಕ್ಲಿಯರ್.

ನಮ್ಮ ವಿಷಯಕ್ಕೆ ಮರ್ಯಾದೆ ಸಿಗದೆ ಇರುವುದು ಹೊಸದೇನಲ್ಲ. ಮೆಲ್ವಿನ್ ಕಾನ್ವೇ ಅನ್ನುವವರು 1960ರ ದಶಕದಲ್ಲಿ ಒಂದು ಲೇಖನ ಬರೆದರು. ಒಂದು ಸಂಸ್ಥೆ ಕಟ್ಟುವ ವ್ಯವಸ್ಥೆ ಆ ಸಂಸ್ಥೆಯೊಳಗೆ ಯಾರು ಯಾರ ಜೊತೆ ಮಾತಾಡುತ್ತಾರೋ ಅದರ ಪಡಿಯಚ್ಚಾಗಿರುತ್ತದೆ ಅನ್ನುವುದು ಅದರ ಸಾರ. ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆ "ನೀವು ಇದನ್ನು ಸಾಬೀತು ಮಾಡಿಲ್ಲ" ಅಂತ ವಾಪಸ್ ಕಳಿಸಿತು. 1968ರಲ್ಲಿ ಡೇಟಾಮೇಷನ್ ಪತ್ರಿಕೆ ಅಚ್ಚು ಹಾಕಿತು. ಎಷ್ಟೋ ವರ್ಷಗಳ ಮೇಲೆ, 2012ರಲ್ಲಿ, ಹಾರ್ವರ್ಡ್ ಬಿಸಿನೆಸ್ ಸ್ಕೂಲಿನವರೇ ಇದ್ದ ಒಂದು ತಂಡ ಸಾಫ್ಟ್‌ವೇರುಗಳನ್ನು ಹೋಲಿಸಿ ನೋಡಿ, ಕಾನ್ವೇ ಹೇಳಿದ್ದಕ್ಕೆ ಗಟ್ಟಿ ಪುರಾವೆ ಇದೆ ಅಂತ ಪ್ರಕಟಿಸಿತು. ಇದನ್ನು ಹೇಳುವಾಗ ನನಗೆ ಆಗುವ ಸಂತೋಷ ಸಣ್ಣತನದ್ದು. ಇರಲಿ.

ಇಷ್ಟು ಹೇಳಿದ ಮೇಲೆ ಒಂದು ಆಸೆ ತೋಡಿಕೊಳ್ಳುತ್ತೇನೆ. ಯಾರಾದರೂ ಒಮ್ಮೆಯಾದರೂ ಹೀಗೆ ಕೇಳಬೇಕಿತ್ತು: "ಜನ ಹೇಳದೇ ಬಿಟ್ಟಿದ್ದು ನಿಮಗೆ ಹೇಗೆ ಸಿಗುತ್ತದೆ?"

ಆ ಪ್ರಶ್ನೆಗೆ ನಾನು ಊಟ ಬಿಟ್ಟು ಉತ್ತರ ಕೊಡುತ್ತೇನೆ. ಜನ ಮುಚ್ಚಿಡುವುದು ಕಡಿಮೆ. ಬೆಳಗ್ಗೆ ಎದ್ದು ಹಲ್ಲುಜ್ಜಿದೆ ಅಂತ ಯಾರೂ ತಮ್ಮ ದಿನಚರಿಯಲ್ಲಿ ಹೇಳುವುದಿಲ್ಲವಲ್ಲ, ಹಾಗೆ ಬಿಟ್ಟುಹೋಗುತ್ತದೆ. ಕೈಗೆ ಅಭ್ಯಾಸವಾದದ್ದು ಬಾಯಿಗೆ ಬರುವುದಿಲ್ಲ.

ನನಗೆ ಇಷ್ಟವಾದ ಉದಾಹರಣೆ ಲಂಡನ್ನಿನ ವಿಮಾನ ಸಂಚಾರ ನಿಯಂತ್ರಣ ಕೇಂದ್ರದ್ದು. 1990ರ ದಶಕದ ಶುರುವಿನಲ್ಲಿ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞರು ಅಲ್ಲಿ ಹೋಗಿ ಕೂತರು. ಅವರ ಜೊತೆ ಕೆಲಸ ಮಾಡುತ್ತಿದ್ದವರು ಕಂಪ್ಯೂಟರ್ ವಿಜ್ಞಾನಿಗಳು. ನಿಯಂತ್ರಕರ ಎದುರು ರೇಡಾರ್ ಇತ್ತು, ಜೊತೆಗೆ ಕಾಗದದ ಪಟ್ಟಿಗಳೂ ಇದ್ದವು, ಒಂದು ವಿಮಾನಕ್ಕೆ ಒಂದು ಪಟ್ಟಿ. ಬಂದ ಪಟ್ಟಿಯನ್ನು ಕೈಯಿಂದ ಸರಿಯಾದ ಜಾಗಕ್ಕೆ ಸೇರಿಸುತ್ತಿದ್ದರು, ಮೇಲೆ ಕೆಳಗೆ ಸರಿಸುತ್ತಿದ್ದರು, ಪೆನ್ನಿನಲ್ಲಿ ಗೀಚುತ್ತಿದ್ದರು. ಸಾಫ್ಟ್‌ವೇರ್ ಮಾಡುವವರ ಕಣ್ಣಿಗೆ ಇದೇನು? ಸುಮ್ನೆ ಶ್ರಮ. ಪಟ್ಟಿ ತಾನಾಗಿಯೇ ಜೋಡಣೆಯಾಗುವಂತೆ ಮಾಡಿಬಿಡೋಣ ಅಂತ ಯಾರಿಗಾದರೂ ಅನ್ನಿಸುತ್ತದೆ. ಪಕ್ಕದಲ್ಲಿ ಕೂತು ನೋಡಿದವರಿಗೆ ಕಂಡದ್ದು ಬೇರೆ. ಪಟ್ಟಿಯನ್ನು ಕೈಯಲ್ಲಿ ಹಿಡಿದು ಜಾಗ ಹುಡುಕುವಾಗಲೇ ನಿಯಂತ್ರಕರ ಗಮನ ಆ ಹೊಸ ವಿಮಾನದ ಮೇಲೆ ಬೀಳುತ್ತದೆ. ಮುಂದೆ ಎಲ್ಲಿ ಎರಡು ವಿಮಾನ ಹತ್ತಿರ ಬರಬಹುದು ಅನ್ನುವುದು ಆಗಲೇ ಹೊಳೆಯುತ್ತದೆ. ಪಕ್ಕದವರಿಗೂ ಆ ಪಟ್ಟಿಗಳು ಕಾಣುತ್ತವೆ, ಕೇಳದೆಯೇ ಪರಿಸ್ಥಿತಿ ತಿಳಿಯುತ್ತದೆ. ಶ್ರಮ ಅನ್ನಿಸಿದ್ದೇ ಸುರಕ್ಷತೆಯ ಒಂದು ಭಾಗ. "ನಿಮಗೆ ಏನು ಬೇಕು?" ಅಂತ ಸಾವಿರ ಸಲ ಕೇಳಿದ್ದರೂ "ನಮ್ಮ ಕೈ ಕೆಲಸ ಕಿತ್ತುಕೊಳ್ಳಬೇಡಿ, ಅದರಿಂದಲೇ ನಮಗೆ ಎಚ್ಚರ" ಅನ್ನುವ ಉತ್ತರ ಬರುತ್ತಿತ್ತಾ? ನನಗೆ ಅನುಮಾನ.

ಕೇಳುವುದರಲ್ಲೂ ದಾರಿಗಳಿವೆ. ಅಲೆಸ್ಸಿಯೋ ಫೆರಾರಿ, ಪಾವೊಲಾ ಸ್ಪೋಲೆಟಿನಿ ಮತ್ತು ಸ್ಟೆಫಾನಿಯಾ ನ್ಯೇಸಿ 2016ರ ಒಂದು ಅಧ್ಯಯನದಲ್ಲಿ ಗ್ರಾಹಕರ ಜೊತೆಗಿನ ಸಂದರ್ಶನಗಳನ್ನು ಗಮನಿಸಿದರು. ಅರ್ಥ ಗೊಂದಲವಾದ ಜಾಗ ಬಂದರೆ ಅದನ್ನು ಬರೀ ದೋಷ ಅಂತ ತಳ್ಳಿಹಾಕಬೇಡಿ, ಅದರ ಕೆಳಗೆ ಹೇಳದೇ ಉಳಿದ ತಿಳುವಳಿಕೆ ಇರಬಹುದು ಅನ್ನುವುದು ಅವರ ವಾದ. "ಯಾಕೋ ಅರ್ಥ ಆಗಲಿಲ್ಲ" ಅನ್ನಿಸಿದ ಆ ಕ್ಷಣದಲ್ಲೇ ಅಗೆಯಬೇಕು. ಅರ್ಥವಾದವರಂತೆ ತಲೆ ಆಡಿಸಿದರೆ ಸಿಕ್ಕಿದ್ದು ಹೋಯಿತು.

ಈಗ ಟ್ರೈನಿಂಗ್ ವಿಷಯ, ಅದನ್ನು ಬಿಟ್ಟರೆ ನೀವು ನನ್ನನ್ನು ಬಿಡುವುದಿಲ್ಲ. 2018ರಲ್ಲಿ ಮುನೀರಾ ಬಾನೋ, ದಿದಾರ್ ಝೋಘಿ ಮತ್ತು ಅವರ ಜೊತೆಗಾರರು ವಿದ್ಯಾರ್ಥಿಗಳಿಂದ ಅಣಕು ಸಂದರ್ಶನ ಮಾಡಿಸಿ ಅವರು ಎಡವುವ ಜಾಗಗಳನ್ನು ಗುರುತಿಸಿದರು. ತಪ್ಪುಗಳನ್ನೆಲ್ಲ 7 ಗುಂಪು ಮಾಡಿದರು. ಪ್ರಶ್ನೆಯನ್ನೇ ಕೆಟ್ಟದಾಗಿ ಕಟ್ಟುವುದು, ಕೇಳಬೇಕಾದ್ದನ್ನು ಕೇಳದೇ ಬಿಡುವುದು, ಸಂದರ್ಶನದ ಕ್ರಮ ತಪ್ಪುವುದು, ತಯಾರಿ ಇಲ್ಲದೆ ಬರುವುದು, ಹೀಗೆ. ನಿಮ್ಮ ಪ್ರೀತಿಯ ಕಮ್ಯುನಿಕೇಶನ್ ಸ್ಕಿಲ್ಲೂ ಅದರಲ್ಲಿದೆ. ಏಳರಲ್ಲಿ ಒಂದು.

ಆದ್ದರಿಂದ ಎರಡು ದಿನ ಕೊಡುತ್ತೀರಾದರೆ ಕೊಡಿ, ಬರುತ್ತೇನೆ. ಮೊದಲ ದಿನ ಅಣಕು ಸಂದರ್ಶನ. ಮ್ಯಾನೇಜರುಗಳೂ ಮಾಡಬೇಕು, ರೆಕಾರ್ಡ್ ಮಾಡಿ ಎಲ್ಲರ ಮುಂದೆ ಹಾಕುತ್ತೇನೆ. ಎರಡನೇ ದಿನ ನಿಮ್ಮ ಡೆವಲಪರುಗಳನ್ನು ಕಾಲ್ ಸೆಂಟರಿನವರ ಪಕ್ಕ ಕೂರಿಸಿ. ಸಂಜೆಯವರೆಗೆ ಬಾಯಿ ಮುಚ್ಚಿಕೊಂಡು ನೋಡಲಿ. ಸ್ಲೈಡ್ ಇರುವುದಿಲ್ಲ. ಸರ್ಟಿಫಿಕೇಟ್ ಬೇಕಿದ್ದರೆ ಬೇರೆ ಯಾರನ್ನಾದರೂ ಕರೆಸಿಕೊಳ್ಳಿ.