ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಿ ವಂಶವಾಹಿಗಳ ಪಾಲೆಷ್ಟು?

ಮನೆಯಲ್ಲಿ ಒಬ್ಬರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆಯೆಂದು ತಿಳಿದಾಗ, ಇದು ಮಕ್ಕಳಿಗೂ ಬರುತ್ತದೆಯೇ ಎಂಬ ಆತಂಕ ಸಹಜವಾಗಿಯೇ ಹುಟ್ಟುತ್ತದೆ. ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಮೈಲಿನ್ ಹೊದಿಕೆಯ ಮೇಲೆ ದಾಳಿ ಮಾಡುವ ಈ ಕಾಯಿಲೆಗೆ ಯಾವುದೋ ಒಂದು ಜೀನಿನ ದೋಷ ಕಾರಣವಲ್ಲವಾದ್ದರಿಂದ, ಇದನ್ನು ನೇರವಾಗಿ ಇಳಿದುಬರುವ ಆನುವಂಶಿಕ ರೋಗವೆನ್ನುವುದು ಸರಿಯಲ್ಲ. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಕಾಯಿಲೆಯಿದ್ದಾಗ ಇನ್ನೊಬ್ಬರಿಗೂ ಅದು ಬರುವುದು ಸುಮಾರು ನಾಲ್ಕರಲ್ಲಿ ಒಂದು ಪ್ರಕರಣದಲ್ಲಿ ಮಾತ್ರ. ನನಗೆ ಅತ್ಯಂತ ಮನವರಿಕೆಯಾಗುವ ಸಾಕ್ಷ್ಯ ಇದೇ.

ಹಾಗೆಂದು ಜೀನುಗಳ ಪಾತ್ರ ಚಿಕ್ಕದೇನಲ್ಲ. ಆರನೆಯ ವರ್ಣತಂತುವಿನಲ್ಲಿರುವ ಎಚ್‌ಎಲ್‌ಎ-ಡಿಆರ್‌ಬಿ1*15:01 ಎಂಬ ರೂಪಾಂತರ, ಮುಖ್ಯವಾಗಿ ಯುರೋಪ್ ಮೂಲದವರಲ್ಲಿ, ಅಪಾಯವನ್ನು ಸುಮಾರು ಮೂರು ಪಟ್ಟು ಹೆಚ್ಚಿಸುತ್ತದೆ. ಪ್ರೋಟೀನಿನ ತುಣುಕುಗಳನ್ನು ರೋಗನಿರೋಧಕ ವ್ಯವಸ್ಥೆಯ ಟಿ ಕೋಶಗಳಿಗೆ ಎತ್ತಿ ತೋರಿಸುವುದೇ ಈ ಜೀನಿನ ಕೆಲಸವಾದ್ದರಿಂದ ಆ ನಂಟು ಅರ್ಥವಾಗುವಂಥದ್ದೇ. 2019ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಅಧ್ಯಯನವೊಂದು, 47 ಸಾವಿರಕ್ಕೂ ಹೆಚ್ಚು ರೋಗಿಗಳ ಜೀನೋಮ್ ಮಾಹಿತಿಯನ್ನು ಪರಿಶೀಲಿಸಿ, ಇಂಥ 233 ಆನುವಂಶಿಕ ಸಂಬಂಧಗಳನ್ನು ಗುರುತಿಸಿತು. ಅವುಗಳಲ್ಲಿ ಹೆಚ್ಚಿನವುಗಳ ಪ್ರಭಾವ, ಬಿಡಿಬಿಡಿಯಾಗಿ ನೋಡಿದರೆ, ತೀರಾ ಅಲ್ಪ.

ಜೀನುಗಳ ಜೊತೆಗೆ ಪರಿಸರವೂ ಸೇರಬೇಕು. ಅಮೆರಿಕದ ಸೇನಾ ಸಿಬ್ಬಂದಿಯನ್ನು ಕುರಿತ 2022ರ ಅಧ್ಯಯನದಲ್ಲಿ, ಎಪ್‌ಸ್ಟೀನ್-ಬಾರ್ ವೈರಸ್ ಸೋಂಕಿನ ನಂತರ ಈ ಕಾಯಿಲೆಯ ಅಪಾಯ 32 ಪಟ್ಟು ಏರಿದ್ದು ಕಂಡುಬಂತು. ಧೂಮಪಾನ ಮತ್ತು ವಿಟಮಿನ್ ಡಿ ಕೊರತೆಯೂ ಈ ಪಟ್ಟಿಯಲ್ಲಿವೆ. ಆದ್ದರಿಂದಲೇ ರೋಗವನ್ನು ಖಚಿತಪಡಿಸಲು ನರತಜ್ಞರು ಜೀನ್ ಪರೀಕ್ಷೆಯನ್ನಲ್ಲ, ರೋಗಲಕ್ಷಣಗಳು ಮತ್ತು ಎಂಆರ್‌ಐ ಚಿತ್ರಗಳನ್ನು, ಅಗತ್ಯವಿದ್ದರೆ ಬೆನ್ನುಹುರಿ ದ್ರವದ ಪರೀಕ್ಷೆಯನ್ನು ಆಧರಿಸುತ್ತಾರೆ.