ಕರ್ನಲ್ ಕಂಪೈಲ್: ಪ್ರೊಸೆಸರ್ ಆಯ್ಕೆಯಲ್ಲಿ ಎಡವುವುದು ಎಲ್ಲಿ?

ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಕಟ್ಟುವ ಮುನ್ನ ಟರ್ಮಿನಲ್‌ನಲ್ಲಿ 'ಎಲ್ಎಸ್‌ಸಿಪಿಯು' (lscpu) ಓಡಿಸಿ, ಮಾಡೆಲ್ ಹೆಸರು ಮತ್ತು ಒಟ್ಟು ಸಿಪಿಯು ಸಂಖ್ಯೆ ಬರೆದಿಟ್ಟುಕೊಳ್ಳಿ. ಆಮೇಲೆ ಕರ್ನಲ್ ಆಯ್ಕೆಗಳ ಮೆನು 'ಮೇಕ್ ಮೆನುಕಾನ್ಫಿಗ್' (make menuconfig) ತೆರೆದು ಪ್ರೊಸೆಸರ್ ವಿಭಾಗಕ್ಕೆ ಹೋಗಿ.

ಹೆಚ್ಚು ಜನ ತಪ್ಪುವುದು ಗರಿಷ್ಠ ಸಿಪಿಯು ಸಂಖ್ಯೆಯಲ್ಲಿ. ಇಲ್ಲಿ ಎಣಿಸಬೇಕಾದ್ದು ಕೋರ್‌ಗಳನ್ನಲ್ಲ, ಥ್ರೆಡ್‌ಗಳನ್ನು (ಒಂದು ಕೋರ್ ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಸಾಲುಗಳು; ಕರ್ನಲ್ ಒಂದೊಂದನ್ನೂ ಒಂದು ಸಿಪಿಯು ಎಂದೇ ಎಣಿಸುತ್ತದೆ). 8 ಕೋರ್, 16 ಥ್ರೆಡ್ ಇರುವ ಯಂತ್ರಕ್ಕೆ 8 ಎಂದು ಕೊಟ್ಟರೆ ಕರ್ನಲ್ ಬೂಟ್ ಆಗುತ್ತದೆ, ದೋಷವೇನೂ ಕಾಣುವುದಿಲ್ಲ. ಆದರೆ ಉಳಿದ 8 ಥ್ರೆಡ್‌ಗಳು ಏಳುವುದೇ ಇಲ್ಲ. ಒಂದೊಂದು ಸಿಪಿಯುಗೆ ಸುಮಾರು 8 ಕಿಲೋಬೈಟ್ ಮಾತ್ರ ಹೆಚ್ಚುವುದರಿಂದ 64 ಇದ್ದರೆ ಹಾಗೇ ಬಿಡಿ, ಜಿಪುಣತನ ಬೇಡ.

ಕರ್ನಲ್ ಆವೃತ್ತಿ 6.16ರಿಂದ ಇಂಟೆಲ್, ಎಎಂಡಿ ಯಂತ್ರಗಳಿಗೆ 'ನೇಟಿವ್' ಆಯ್ಕೆ ಬಂದಿದೆ: ಕಂಪೈಲರ್ ನಿಮ್ಮದೇ ಪ್ರೊಸೆಸರ್‌ಗೆ ಹೊಂದುವ ಕೋಡ್ ಹೊರಡಿಸುತ್ತದೆ. ವೇಗ ಬಹಳ ಏರೀತೆಂದು ಕಾಯಬೇಡಿ. ಕರ್ನಲ್‌ನ ಸಾಮಾನ್ಯ ಕೋಡನ್ನು ಎಸ್ಎಸ್ಇ, ಎವಿಎಕ್ಸ್ (ಒಂದೇ ಬಾರಿಗೆ ಹಲವು ಲೆಕ್ಕ ಮಾಡುವ ಪ್ರೊಸೆಸರ್ ಸೂಚನೆಗಳು) ಇಲ್ಲದೆಯೇ ಕಂಪೈಲ್ ಮಾಡುತ್ತಾರೆ. ಹಾಗಾಗಿ ಲಾಭ ಅಲ್ಪ. ಅಂಥ ಕರ್ನಲ್ಲನ್ನು ಹಳೆಯ ಯಂತ್ರಕ್ಕೆ ಒಯ್ದರೆ, ಅದಕ್ಕೆ ಗೊತ್ತಿಲ್ಲದ ಸೂಚನೆ ಎದುರಾಗಿ ಬೂಟ್ ಹಂತದಲ್ಲೇ ನಿಂತುಬಿಡಬಹುದು. ಹಲವು ಯಂತ್ರಗಳಿಗೆ ಒಂದೇ ಕರ್ನಲ್ ಬೇಕಿದ್ದರೆ 'ನೇಟಿವ್' ಆಯ್ಕೆಯನ್ನು ಮುಟ್ಟಲೇಬೇಡಿ.

ಮೈಕ್ರೋಕೋಡ್ (ಪ್ರೊಸೆಸರ್‌ನ ಒಳಗಿನ ತಂತ್ರಾಂಶ) ಬೆಂಬಲ ಆನ್ ಇರಲಿ. ಹೊಸದು ಬೂಟ್ ಆಗದಿದ್ದರೆ ಬೇಕಾಗುವುದರಿಂದ, ಹಳೆಯ ಕರ್ನಲ್ಲನ್ನು ಗ್ರಬ್ (ಬೂಟ್ ವೇಳೆ ಕರ್ನಲ್ ಆರಿಸುವ) ಮೆನುವಿನಿಂದ ಅಳಿಸಬೇಡಿ.