ಮುಳಬಾಗಿಲು ಬಸ್ಸಿನ ಪಟ್ಟಿ

2020ರ ಮೇ ತಿಂಗಳಲ್ಲಿ ನಮ್ಮ ಯಜಮಾನರಿಗೆ ಅಮೆರಿಕದ ಉದ್ಯಮಿಯೊಬ್ಬರ ಮಾತು ಬಾಯಿಪಾಠವಾಗಿತ್ತು. "ನಾನೂ ಎಲ್ಲರ ಜೊತೆ ಲೈನಿನಲ್ಲಿ ನಿಂತಿರುತ್ತೇನೆ, ಯಾರನ್ನಾದರೂ ಬಂಧಿಸುವುದಿದ್ದರೆ ನನ್ನೊಬ್ಬನನ್ನೇ ಬಂಧಿಸಿ." ಟೆಸ್ಲಾ ಕಾರು ಕಂಪನಿಯ ಎಲಾನ್ ಮಸ್ಕ್, ಕೊರೊನಾ ಲಾಕ್‌ಡೌನ್ ಆದೇಶ ಮೀರಿ ಕಾರ್ಖಾನೆ ಶುರುಮಾಡಿ, ಈ ಅರ್ಥದಲ್ಲಿ ಟ್ವೀಟ್ ಮಾಡಿದ್ದು ಅಲ್ಲಿಯ ಲೆಕ್ಕದಲ್ಲಿ ಮೇ 11ರ ಸೋಮವಾರ ಮಧ್ಯಾಹ್ನ. ನಮಗಾಗಲೇ ಮಂಗಳವಾರ. ಬೆಳಿಗ್ಗೆ ಮೊದಲ ಶಿಫ್ಟಿನ ಬಸ್ಸು ಗೇಟಿಗೆ ಬರುವಷ್ಟರಲ್ಲಿ ಅದು ನಮ್ಮ ವಾಟ್ಸಾಪ್ ಗುಂಪಿನಲ್ಲಿತ್ತು. ಹಾಕಿದವರು ಯಜಮಾನರೇ. ಕೆಳಗೆ ಒಂದೇ ಸಾಲು: "ಗಂಡಸು ಅಂದ್ರೆ ಹೀಗಿರ್ಬೇಕು."

ನಾನಾಗ ಕೋಲಾರ ಜಿಲ್ಲೆಯ ಕೈಗಾರಿಕಾ ಪ್ರದೇಶವೊಂದರಲ್ಲಿ, ಬೈಕುಗಳಿಗೆ ತಗಡಿನ ಬಿಡಿಭಾಗ ಒತ್ತಿಕೊಡುವ ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದೆ. ಹಾಜರಿ, ಓಟಿ, ಪಿಎಫ್, ಇಎಸ್ಐ, ಬಸ್ಸು, ಕ್ಯಾಂಟೀನು, ಬೇರೆ ಯಾವ ಡಿಪಾರ್ಟ್‌ಮೆಂಟಿಗೂ ಬೇಡವಾದದ್ದೆಲ್ಲ ನಮ್ಮ ಮೇಜಿಗೆ. ಯಜಮಾನರು ಪೀಣ್ಯದಲ್ಲಿ ಒಂದು ಬಾಡಿಗೆ ಶೆಡ್ಡಿನಿಂದ ಮೇಲೆ ಬಂದವರು. ಬಾಯಿ ಜೋರು. ಮಾಲಿನ್ಯ ನಿಯಂತ್ರಣ ಮಂಡಳಿಯವರು ಬರಲಿ, ಬೆಸ್ಕಾಂನವರು ಬರಲಿ, ಮೊದಲು ಜಗಳ, ಆಮೇಲೆ ಕಾಫಿ. ಆದರೆ ಏಪ್ರಿಲ್ ಸಂಬಳವನ್ನು ಪೂರ್ತಿ ಹಾಕಿದ್ದರು, ಅದನ್ನು ಮರೆಯಬಾರದು. ಆ ತಿಂಗಳು ದೇಶದೊಳಗೆ ಒಂದೇ ಒಂದು ಕಾರೂ ಮಾರಾಟವಾಗಲಿಲ್ಲ ಎಂದು ಮಾರುತಿಯೇ ಪ್ರಕಟಿಸಿತ್ತು. ದೊಡ್ಡವರ ಗತಿಯೇ ಹಾಗಾದರೆ ಅವರ ಬಾಲ ಹಿಡಿದ ನಮ್ಮಂಥವರದು ಕೇಳಬೇಕೇ.

ಮಸ್ಕ್ ಅವರ ಜಗಳ ಕ್ಯಾಲಿಫೋರ್ನಿಯಾದ ಅಲಮೀಡಾ ಕೌಂಟಿಯ, ಅಂದರೆ ಅಲ್ಲಿಯ ಜಿಲ್ಲಾಡಳಿತದ ಜೊತೆ. ಟೆಸ್ಲಾದ ಫ್ರೀಮಾಂಟ್ ಕಾರ್ಖಾನೆ ಅದರ ವ್ಯಾಪ್ತಿಯಲ್ಲಿದೆ. ಆಗ ಸುಮಾರು ಹತ್ತು ಸಾವಿರ ಜನ ದುಡಿಯುತ್ತಿದ್ದ ಜಾಗ, ಹಿಂದೆ ಜನರಲ್ ಮೋಟರ್ಸ್ ಮತ್ತು ಟೊಯೊಟಾ ಸೇರಿ ನಡೆಸುತ್ತಿದ್ದದ್ದು. ಮಾರ್ಚ್ 23ರಂದು ಅದು ನಿಂತಿತು. ಮೇ ಮೊದಲ ವಾರ ರಾಜ್ಯದ ಗವರ್ನರ್ ತಯಾರಿಕಾ ಘಟಕಗಳಿಗೆ ಸಡಿಲಿಕೆ ಕೊಟ್ಟರು. ಕೌಂಟಿ ಮಾತ್ರ ಇನ್ನೂ ತಾಳಿ ಎಂದಿತು. ರಾಜ್ಯ ಹೂಂ ಅಂದಮೇಲೆ ಜಿಲ್ಲೆಯವರು ತಡೆಯುವುದೇನು ಎಂಬ ಪ್ರಶ್ನೆ ನಮ್ಮ ಯಜಮಾನರಿಗೆ ನೇರ ಎದೆಗೇ ನಾಟಿತ್ತು. ಮಸ್ಕ್ ಕೋರ್ಟಿಗೆ ಹೋದರು, ಕಚೇರಿಯನ್ನೇ ಟೆಕ್ಸಾಸಿಗೆ ಒಯ್ಯುತ್ತೇನೆ ಅಂದರು, ಅಲ್ಲಿಯ ಹಂಗಾಮಿ ಆರೋಗ್ಯಾಧಿಕಾರಿಯನ್ನು 'ಯಾರೂ ಚುನಾಯಿಸದ ತಿಳಿಗೇಡಿ' ಎಂದು ಜರಿದರು. ಇದೇ ಮಸ್ಕ್ ಮಾರ್ಚ್‌ನಲ್ಲಿ, ಏಪ್ರಿಲ್ ಕೊನೆಗೆ ಅಮೆರಿಕದಲ್ಲಿ ಹೊಸ ಪ್ರಕರಣ ಹೆಚ್ಚುಕಡಿಮೆ ಸೊನ್ನೆಗೆ ಇಳಿಯುತ್ತದೆ ಎಂದು ಭವಿಷ್ಯ ನುಡಿದವರು. ಆ ಟ್ವೀಟು ನಮ್ಮ ಗುಂಪಿಗೆ ಬರಲಿಲ್ಲ.

ನಮ್ಮ ಜಿಲ್ಲೆಯ ಕಥೆಯೇ ಬೇರೆ. ಬೆಂಗಳೂರು ನಗರ, ಗ್ರಾಮಾಂತರ ಎರಡೂ ಕೆಂಪು ವಲಯ. ಚಿಕ್ಕಬಳ್ಳಾಪುರ ಕಿತ್ತಳೆ. ಕೋಲಾರ ಮಾತ್ರ ಹಸಿರು, ಒಂದೂ ಕೇಸಿಲ್ಲ. ಹಾಗಾಗಿ ಮೇ 4ರ ನಂತರ ಕಾರ್ಖಾನೆ ತೆರೆಯಲು ಅಡ್ಡಿ ಇರಲಿಲ್ಲ, ಷರತ್ತುಗಳಷ್ಟೇ. ಆ ಷರತ್ತುಗಳು ನನ್ನ ಪಾಲಿಗೆ. ಬಸ್ಸಿನಲ್ಲಿ ನೂರಕ್ಕೆ 30ರಿಂದ 40ರಷ್ಟು ಸೀಟು ಮಾತ್ರ ತುಂಬಬೇಕು, ಎರಡು ಶಿಫ್ಟಿನ ನಡುವೆ ಒಂದು ಗಂಟೆ ಬಿಡುವಿರಬೇಕು, ಊಟಕ್ಕೆ ತಂಡ ತಂಡವಾಗಿ ಬಿಡಬೇಕು. ಹೆಬ್ಬೆಟ್ಟೊತ್ತುವ ಪಂಚಿಂಗ್ ಮೆಷಿನ್ನಿಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಹಳೇ ಮಸ್ಟರ್ ರೋಲನ್ನು ಬೀರುವಿನಿಂದ ಮತ್ತೆ ಈಚೆ ತೆಗೆದೆವು. ವಿಶಾಖಪಟ್ಟಣದಲ್ಲಿ ಮೇ 7ರಂದು ಗ್ಯಾಸ್ ಸೋರಿ ಜನ ಸತ್ತರಲ್ಲ, ಅದಾದ ಎರಡೇ ದಿನಕ್ಕೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಸುತ್ತೋಲೆ ಬಂತು: ಮೊದಲ ವಾರವನ್ನು ಪ್ರಾಯೋಗಿಕ ಎಂದೇ ತಿಳಿಯಿರಿ, ದೊಡ್ಡ ಉತ್ಪಾದನೆಯ ಗುರಿ ಇಟ್ಟುಕೊಳ್ಳಬೇಡಿ. ನೋಟಿಸ್ ಬೋರ್ಡಿಗೆ ಅಂಟಿಸಿದೆ. ಅದರ ಪಕ್ಕದಲ್ಲೇ ಪ್ರೊಡಕ್ಷನ್ ಮ್ಯಾನೇಜರ್ ಆ ವಾರದ ಟಾರ್ಗೆಟ್ ಚೀಟಿ ಅಂಟಿಸಿದರು. ಅದರಲ್ಲಿ ಪ್ರಯೋಗದ ಸುಳಿವೂ ಇರಲಿಲ್ಲ.

ಮಸ್ಕ್ ಟ್ವೀಟು ಬಂದ ಅದೇ ಮಂಗಳವಾರ, ಮೇ 12ರ ರಾಜ್ಯದ ಬುಲೆಟಿನ್‌ನಲ್ಲಿ ಕೋಲಾರದ ಹೆಸರು ಮೊದಲ ಸಲ ಕಾಣಿಸಿತು. ಐದು ಕೇಸು, ಮುಳಬಾಗಿಲು ಕಡೆಯವು. ರಾತ್ರಿ 8ಕ್ಕೆ ಪ್ರಧಾನಿ ಟಿವಿಯಲ್ಲಿ 20 ಲಕ್ಷ ಕೋಟಿಯ ಪ್ಯಾಕೇಜು ಹೇಳುತ್ತಿದ್ದರೆ ನಾನು ಮುಳಬಾಗಿಲು ರೂಟಿನ ಡ್ರೈವರಿಗೆ ಫೋನ್ ಹಚ್ಚುತ್ತಿದ್ದೆ. ಬಸ್ಸು ತರಬೇಡ ಅಂತ ಹೇಳುವ ಅಧಿಕಾರ ನನಗಿಲ್ಲ. ತಾ ಅನ್ನಲು ಧೈರ್ಯವಿಲ್ಲ. "ಯಜಮಾನ್ರು ತಾ ಅಂದವ್ರೆ ಸಾರ್" ಎಂದು ಅವನೇ ಹೇಳಿದ.

ಬುಧವಾರ ಬಸ್ಸು ಬಂತು. ಅದರ ಹಿಂದೆಯೇ ಬಿಳಿ ಬೊಲೆರೊ. ತಾಲ್ಲೂಕು ಆರೋಗ್ಯಾಧಿಕಾರಿ ಮೇಡಂ, ಜೊತೆಗೆ ಹೆಲ್ತ್ ಇನ್‌ಸ್ಪೆಕ್ಟರು, ರೆವಿನ್ಯೂ ಇನ್‌ಸ್ಪೆಕ್ಟರು. ಮೇಡಂ ಆಫೀಸಿನ ಕಡೆ ತಿರುಗಲೇ ಇಲ್ಲ. ಸೀದಾ ಬಸ್ಸು ಹತ್ತಿದರು. ನಾವು ಕೂರಬಾರದ ಸೀಟುಗಳ ಮೇಲೆ ಸೀಮೆಸುಣ್ಣದಲ್ಲಿ ಇಂಟು ಗುರುತು ಹಾಕಿಸಿದ್ದೆವು. ಹೆಚ್ಚಿನವು ಅಳಿಸಿಹೋಗಿದ್ದವು. ಎಲ್ಲಿಗೆ ಹೋಗಿದ್ದವು ಅನ್ನುವುದು ಇಳಿದು ಸಾಲಾಗಿ ನಿಂತಿದ್ದ ಹುಡುಗರ ಪ್ಯಾಂಟಿನ ಹಿಂಭಾಗ ನೋಡಿದರೆ ತಿಳಿಯುತ್ತಿತ್ತು. ಮೇಡಂ ಒಂದು ಸುತ್ತು ಅವರ ಹಿಂದಿನಿಂದ ನಡೆದು ಬಂದು, ನೋಟ್ ಬುಕ್ಕಿನಲ್ಲಿ ಏನೋ ಬರೆದುಕೊಂಡರು. ಸೆಕ್ಯುರಿಟಿಯವನು ಅಷ್ಟರಲ್ಲಿ ಎಲ್ಲರ ಹಣೆಗೂ ಗನ್ ಹಿಡಿದು, ಯಾರಿಗೂ ಜ್ವರವಿಲ್ಲ ಎಂದು ಜೋರಾಗಿ ಸಾರುತ್ತಿದ್ದ.

ಯಜಮಾನರು ಕಾರಿಳಿದು ಬಂದರು. ಕೈಯಲ್ಲಿ ಪ್ರಿಂಟೌಟು. ನೌಕರನಿಗೆ ಸೋಂಕು ಬಂದರೆ ಮಾಲೀಕರನ್ನು ಜೈಲಿಗೆ ಹಾಕುತ್ತಾರೆ ಎಂದು ಏಪ್ರಿಲ್‌ನಲ್ಲಿ ಉದ್ಯಮಿಗಳ ನಡುವೆ ಗುಲ್ಲೆದ್ದು, ಹಾಗೇನೂ ಇಲ್ಲವೆಂದು ಕೇಂದ್ರ ಗೃಹ ಕಾರ್ಯದರ್ಶಿ 23ರಂದು ಪತ್ರ ಬರೆದಿದ್ದರು. ಅದನ್ನು ಹಿಡಿದೇ ಮಾತು ಶುರು.

"ಮೇಡಂ, ಹಸಿರು ವಲಯ ಅಂತ ಸರ್ಕಾರವೇ ಹೇಳಿದೆ. ಒಂದೂರಲ್ಲಿ ಐದು ಕೇಸ್ ಬಂದ ಮಾತ್ರಕ್ಕೆ ನಮ್ ಲೈನ್ ನಿಲ್ಲಿಸ್ತೀರಾ? ನನ್ ಹುಡುಗ್ರ ಹೊಟ್ಟೆ ಮೇಲೆ ಹೊಡೀಬೇಡಿ. ಅರೆಸ್ಟ್ ಮಾಡೋದಿದ್ರೆ ನನ್ನೊಬ್ಬನ್ನೇ ಮಾಡಿ!"

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಿನ ದಿನ ವಾಟ್ಸಾಪಿನಲ್ಲಿ ಓದಿದ್ದೇ ಇದು ಅಂತ ಅವರಿಗೂ ಗೊತ್ತು.

ಮೇಡಂ ದನಿ ಏರಿಸಲಿಲ್ಲ. "ನಿಮ್ಮನ್ನ ಅರೆಸ್ಟ್ ಮಾಡಿ ನಾನೇನ್ ಮಾಡ್ಲಿ ಸಾರ್? ಮುಳಬಾಗಿಲು ಬಸ್ಸಲ್ಲಿ ಯಾರ್ ಪಕ್ಕ ಯಾರ್ ಕೂತಿದ್ರು, ಎಷ್ಟು ದಿನದಿಂದ ಕೂತಿದ್ದಾರೆ, ಆ ಪಟ್ಟಿ ಕೊಡಿ. ಫ್ಯಾಕ್ಟರಿ ಮುಚ್ಚಿ ಅಂತ ಯಾರಂದ್ರು?" ಆಮೇಲೆ ಕಾರಿನ ನಂಬರ್ ಪ್ಲೇಟು ನೋಡಿ, "ನೀವೂ ದಿನಾ ಕೆಂಪು ವಲಯದಿಂದಲೇ ಬರ್ತಿದ್ದೀರಲ್ವಾ? ನಿಮ್ಮ ಪಾಸೂ ಸ್ವಲ್ಪ ತೋರಿಸಿ."

ಪಟ್ಟಿ ನನ್ನ ಹತ್ತಿರವಿತ್ತು. ಸೀಟು ನಂಬರಿನ ಮುಂದೆ ಹೆಸರು, ಊರು, ಮೊಬೈಲು. ಅದನ್ನು ಕೊಟ್ಟಾಗ ಯಜಮಾನರು ನನ್ನನ್ನು ನೋಡಿದ ರೀತಿ ನೆನಪಿದೆ, ಅದಕ್ಕೆ ನನಗೆ ಬೇಜಾರಿಲ್ಲ. ನಂಜನಗೂಡಿನ ಔಷಧ ಕಾರ್ಖಾನೆಯ ಒಬ್ಬ ನೌಕರನಿಂದ ಹಿಡಿದು ಎಪ್ಪತ್ತಕ್ಕೂ ಹೆಚ್ಚು ಜನರ ತನಕ ಸೋಂಕಿನ ಎಳೆ ಬಿಡಿಸಿದ್ದು ಇಂಥ ಪಟ್ಟಿಗಳಿಂದಲೇ, ಯಾವ ಮಾಲೀಕರ ಎದೆಗಾರಿಕೆಯಿಂದಲೂ ಅಲ್ಲ. ಮೇಡಂ ಗೇಟಿನ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತು, ಪಟ್ಟಿಯನ್ನು ಸೀಲ್‌ಡೌನ್ ಆದ ಬೀದಿಗಳ ಹೆಸರಿನೊಂದಿಗೆ ತಾಳೆ ನೋಡಿದರು. ಕೊನೆಗೆ ತೀರ್ಮಾನವಾದದ್ದು ಇಷ್ಟೇ. ಮುಳಬಾಗಿಲು ರೂಟು ಮುಂದಿನ ಆದೇಶದ ತನಕ ಬಂದ್, ಆ ಬಸ್ಸಿನವರು ಮನೆಯಲ್ಲಿರಬೇಕು, ಉಳಿದ ಲೈನು ಓಡಲಿ. ಯಜಮಾನರು ಗೊಣಗುತ್ತಲೇ ಕಾಫಿ ತರಿಸಿದರು. ಮೇಡಂ ಮಾಸ್ಕ್ ತೆಗೆಯಲಿಲ್ಲ, ಕಾಫಿ ಆರಿತು.

ಅಲ್ಲಿಯೂ ಮುಗಿದದ್ದು ಹೆಚ್ಚುಕಡಿಮೆ ಹೀಗೆಯೇ. ಕ್ಯಾಲಿಫೋರ್ನಿಯಾದಲ್ಲಿ ಮಂಗಳವಾರ ರಾತ್ರಿ, ನಮಗೆ ಬುಧವಾರ, ಟೆಸ್ಲಾ ಕೊಟ್ಟ ಸುರಕ್ಷತಾ ಯೋಜನೆಗೆ ಇನ್ನಷ್ಟು ಕ್ರಮ ಸೇರಿಸಿ ಕೌಂಟಿ ಒಪ್ಪಿತು, ಮುಂದಿನ ವಾರಕ್ಕೆ ತೆರೆಯಬಹುದು ಎಂದಿತು. ಯಾರೂ ಅರೆಸ್ಟ್ ಆಗಲಿಲ್ಲ. ಆ ತಿಂಗಳೇ ಮೊಕದ್ದಮೆಯನ್ನೂ ಹಿಂದೆ ಪಡೆದರು. ಟ್ರಂಪ್ ಬೆಂಬಲಿಸಿ ಟ್ವೀಟ್ ಮಾಡಿದ್ದು, ಟೆಕ್ಸಾಸಿಗೆ ಹೋಗುತ್ತೇನೆ ಅಂದವರು 2021ರಲ್ಲಿ ಹೋಗಿಯೇಬಿಟ್ಟದ್ದು, ಇವೆಲ್ಲ ನಮ್ಮ ಯಜಮಾನರು ಹೇಳುವ ಕಥೆಯಲ್ಲಿ ಬರುತ್ತವೆ. ನನಗೆ ಅದರಲ್ಲಿ ಹತ್ತಿರದ್ದು ಅನ್ನಿಸಿದ್ದು ಬೇರೆಯದೇ ಸುದ್ದಿ. ಹೆದರಿಕೆಯಿದ್ದವರು ಸಂಬಳವಿಲ್ಲದ ರಜೆ ಹಾಕಿ ಮನೆಯಲ್ಲಿರಬಹುದು ಎಂದು ಟೆಸ್ಲಾದಲ್ಲಿ ಹೇಳಿದ್ದರು. ಹಾಗೆ ಉಳಿದ ಕೆಲವರು ತಮಗೆ ಕೆಲಸದಿಂದ ತೆಗೆದ ನೋಟಿಸು ಬಂತು ಎಂದದ್ದನ್ನು ಜೂನ್‌ನಲ್ಲಿ ಅಲ್ಲಿಯ ಪತ್ರಿಕೆಗಳು ಬರೆದವು.

ನಮ್ಮಲ್ಲಿ ಯಾರನ್ನೂ ತೆಗೆಯಲಿಲ್ಲ. ಆದರೆ ಮುಳಬಾಗಿಲಿನವರ ಹಾಜರಿ ಕಾಲಂ ತಿಂಗಳ ಕೊನೆಗೆ ಖಾಲಿ ಕೂತಿತ್ತು. ಲಾಕ್‌ಡೌನ್ ಸಂಬಳ ಪೂರ್ತಿ ಕೊಡಬೇಕೆಂಬ ಮಾರ್ಚ್ 29ರ ಕೇಂದ್ರದ ಆದೇಶ ಮೇ 18ರಿಂದ ಇಲ್ಲವಾಗಿತ್ತು. ಮಸ್ಟರ್ ಹಿಡಿದುಕೊಂಡು ಕ್ಯಾಬಿನ್ನಿಗೆ ಹೋದೆ. 17ನೇ ತಾರೀಖಿನ ತನಕ ಪೂರ್ತಿ ಕೊಡಿ ಅಂದರು. ಆಮೇಲಿನದ್ದು? "ಈಎಲ್ ರಜೆ ಇದ್ರೆ ಅದ್ರಲ್ಲಿ ಅಡ್ಜಸ್ಟ್ ಮಾಡಿ. ಇಲ್ದಿದ್ರೆ ಲಾಸ್ ಆಫ್ ಪೇ. ನಾನೇನ್ ಬೇಡ ಅಂದ್ನಾ ಅವರನ್ನ? ಆ ಮೇಡಂ ಅಂದಿದ್ದು." ಗೇಟಿನಲ್ಲಿ ಹೊಟ್ಟೆಯ ಮಾತಾಡಿದವರು ಇವರೇನಾ ಅನ್ನಿಸಿತು. ಆದರೂ ಪೂರ್ತಿ ಕೆಟ್ಟವರು ಅನ್ನಲಾರೆ. ಸುತ್ತಮುತ್ತಲ ಶೆಡ್ಡುಗಳಲ್ಲಿ ಏಪ್ರಿಲ್ ಸಂಬಳವನ್ನೇ ಕಾಣದವರಿದ್ದರು.

ರೂಟು ಮತ್ತೆ ಶುರುವಾದ ಮೇಲೆ ಮುಳಬಾಗಿಲಿನ ಹುಡುಗರು ಸೇರಿ ಒಂದು ಅರ್ಜಿ ಬರೆದುಕೊಟ್ಟರು. ತಾವು ಬರುವುದಿಲ್ಲ ಅಂದಿರಲಿಲ್ಲ, ತಡೆದದ್ದು ಸರ್ಕಾರ, ರಜೆ ಕಡಿದದ್ದು ಕಂಪನಿ, ದಯವಿಟ್ಟು ಸರಿಪಡಿಸಬೇಕು ಎಂದು. ನಾನು ಶಿಫಾರಸು ಬರೆದು, ಸಹಿ ಹಾಕಿ ಮೇಲಕ್ಕೆ ಕಳಿಸಿದೆ. ಸಂಜೆ ಫೈಲು ವಾಪಸ್ ಬಂತು. ಮೂಲೆಯಲ್ಲಿ ಹಸಿರು ಶಾಯಿಯಲ್ಲಿ ಯಜಮಾನರ ಕೈಬರಹ: "ಚರ್ಚಿಸಿ."